ಆಟದ ಪೀರಿಯಡ್ಡನ್ನು ಮಕ್ಕಳಿಗೆ ಉಳಿಸಿಕೊಡೋಣ

(ಸಂಘದ ರಜತ ಮಹೋತ್ಸವ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಹಾಲಿನ ಸಂಘದ ಸಭೆಯಲ್ಲಿ ಶಾಲೆಯ ಆಟದ ವಿಚಾರ ಯಾಕೆ ಅಂತ ಕೆಲವರಿಗೆ ಅನಿಸಬಹುದು. ಸಂಬಂಧ ಇದೆ. 2013ರ ಆಗಸ್ಟ್ 1ರಂದು ನಮ್ಮ ರಾಜ್ಯದಲ್ಲಿ ಕ್ಷೀರಭಾಗ್ಯ ಯೋಜನೆ ಪ್ರಾರಂಭವಾಯಿತು. ನಮ್ಮಂಥ ರೈತರು ಡೈರಿಗೆ ಹಾಕುವ ಹಾಲೇ ಪುಡಿಯಾಗಿ, ಶಾಲೆಯಲ್ಲಿ ಮತ್ತೆ ಬಿಸಿ ಹಾಲಾಗಿ ಮಕ್ಕಳ ಲೋಟಕ್ಕೆ ಬರುತ್ತದೆ. ಹಾಲಿನಲ್ಲಿರುವ ಸುಣ್ಣದ ಅಂಶ ಮೂಳೆಗೆ ಬೇಕು. ಆದರೆ ಹಾಲು ಕುಡಿದು ಕೂತರೆ ಸಾಲದು. ಓಡಿ, ಜಿಗಿದು, ಮೈಭಾರ ಕಾಲಿನ ಮೇಲೆ ಬಿದ್ದರೆ ಮೂಳೆ ಚೆನ್ನಾಗಿ ಗಟ್ಟಿಯಾಗುತ್ತದೆ. ಮೂಳೆಯ ಬಹುಪಾಲು ಗಟ್ಟಿತನ ಇಪ್ಪತ್ತು ವರ್ಷದ ಹೊತ್ತಿಗೆ ಬಂದುಬಿಡುತ್ತದೆ. ಕಳೆದುಹೋದ ಆ ವಯಸ್ಸು ಮತ್ತೆ ಬರೋದಿಲ್ಲ.

"ಹಳ್ಳಿ ಮಕ್ಕಳಿಗೆ ಬೇರೆ ವ್ಯಾಯಾಮ ಯಾಕಪ್ಪಾ, ಹೊಲದಲ್ಲಿ ಮಾಡ್ತಾವಲ್ಲ" ಎನ್ನುವವರಿದ್ದಾರೆ. ಹಿಂದೆ ಮಕ್ಕಳು ಮೈಲಿಗಟ್ಟಲೆ ನಡೆದು ಶಾಲೆಗೆ ಹೋಗುತ್ತಿದ್ದರು. ಈಗ ಎಷ್ಟೋ ಮನೆ ಬಾಗಿಲಿಗೆ ವ್ಯಾನು ಬರುತ್ತದೆ. ಸಂಜೆಯಾದರೆ ಟ್ಯೂಷನ್ನು, ಇಲ್ಲವೇ ಕೈಯಲ್ಲಿ ಮೊಬೈಲು. ಇನ್ನು ಕಳೆ ಕೀಳುವುದು, ಹುಲ್ಲಿನ ಹೊರೆ ಹೊರುವುದು ದುಡಿಮೆ. ಬಗ್ಗಿದ ಬೆನ್ನು ಎತ್ತದೆ ಮಾಡುವ ಕೆಲಸದಿಂದ ಎಳೆಯ ಮೈಗೆ ನೋವೇ ಜಾಸ್ತಿ. ಆಟದಲ್ಲಿ ಓಟ, ನೆಗೆತ, ಎಸೆತ ಎಲ್ಲ ಇದೆ, ಜೊತೆಗೆ ನಗುವೂ ಇದೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ.

ಕಾನೂನೂ ಮಕ್ಕಳ ಕಡೆಗೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಗೆ ಆಟದ ಮೈದಾನ ಇರಬೇಕು, ಆಟದ ಸಾಮಾನು ಇರಬೇಕು. 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಇರಬೇಕು. ಹೀಗಿದ್ದೂ ಪರೀಕ್ಷೆ ಹತ್ತಿರ ಬಂತೆಂದರೆ ಎಷ್ಟೋ ಶಾಲೆಗಳಲ್ಲಿ ಮೊದಲು ಕತ್ತರಿ ಬೀಳುವುದು ಆಟದ ಪೀರಿಯಡ್ಡಿಗೆ. ಮೇಷ್ಟ್ರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. "ಮಾರ್ಕ್ಸು ಎಷ್ಟು" ಅಂತ ಕೇಳುವ ತಂದೆ ತಾಯಿ "ಈ ವಾರ ಎಷ್ಟು ದಿನ ಆಡಿದೆ" ಅಂತಲೂ ಕೇಳಬೇಕು.

ಗೆಲ್ಲುವ ಹತ್ತು ಹುಡುಗರನ್ನು ಆರಿಸಿ ಆಡಿಸಿ, ಉಳಿದವರನ್ನು ಚಪ್ಪಾಳೆ ತಟ್ಟಲು ಕೂರಿಸುವುದೂ ಸರಿಯಲ್ಲ. ಕಪ್ ತರುವುದು ಬೇರೆ, ದೈಹಿಕ ಶಿಕ್ಷಣ ಬೇರೆ. ದಪ್ಪಗಿರುವ ಮಗುವಿಗೂ ಸೊರಗಿದ ಮಗುವಿಗೂ ವಿಕಲಚೇತನ ಮಗುವಿಗೂ ಅವರವರ ಶಕ್ತಿಗೆ ತಕ್ಕ ಆಟ ಸಿಗಬೇಕು. ಹೆಣ್ಣುಮಕ್ಕಳನ್ನಂತೂ ದೊಡ್ಡವರಾದರೆಂದು ಮೈದಾನದ ಅಂಚಿಗೆ ನಿಲ್ಲಿಸಬಾರದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಅವರೂ ಹಳ್ಳಿಯ ಹೆಣ್ಣುಮಗಳೇ.

ಶಾಲೆಯ ಮೈದಾನ ಸುಗ್ಗಿಯಲ್ಲಿ ಕಣವಾಗುತ್ತದೆ, ಮದುವೆಯಲ್ಲಿ ಶಾಮಿಯಾನದ ಜಾಗವಾಗುತ್ತದೆ. ಗೂಟ ಕಿತ್ತ ಗುಂಡಿ, ಗಾಜಿನ ಚೂರು ಉಳಿದರೆ ಕಾಲು ಮುರಿಯುವುದು ನಮ್ಮ ಮಕ್ಕಳದೇ. ಆದ್ದರಿಂದ ನಮ್ಮ ವಿನಂತಿ ಇಷ್ಟು. ಟ್ರಾಕ್ಟರ್ ಇರುವ ಸದಸ್ಯರು ವರ್ಷಕ್ಕೊಂದು ದಿನ ಮೈದಾನ ಮಟ್ಟ ಮಾಡಿಕೊಡಲಿ. ಮಹಾಸಭೆ ಒಪ್ಪಿದರೆ, ಕಾನೂನಿನ ಮಿತಿಯೊಳಗೆ, ಸಂಘದ ಲಾಭದಿಂದ ಚೆಂಡು, ಹಗ್ಗ, ಖೋ ಖೋ ಕಂಬ ಕೊಡಿಸೋಣ. ಆಟದ ವೇಳಾಪಟ್ಟಿ ನಡೆಯುತ್ತಿದೆಯೇ ಎಂದು ಶಾಲಾಭಿವೃದ್ಧಿ ಸಮಿತಿಯವರು ಪ್ರತಿ ಸಭೆಯಲ್ಲಿ ವಿಚಾರಿಸಲಿ. ತಾಯಂದಿರು ಮಕ್ಕಳಿಗೆ ಬೆಳಿಗ್ಗೆ ಏನಾದರೂ ತಿನ್ನಿಸಿಯೇ ಕಳಿಸಲಿ. ಮೇಷ್ಟ್ರು ನಡುಬಿಸಿಲು ತಪ್ಪಿಸಿ ಆಡಿಸಲಿ, ಕುಡಿಯುವ ನೀರು ಹತ್ತಿರ ಇರಲಿ.

ಕರುವನ್ನು ಸದಾ ಗೂಟಕ್ಕೆ ಕಟ್ಟಿ ಸಾಕಿದರೆ ಕಾಲು ಬಲಿಯೋದಿಲ್ಲ ಅಂತ ದನ ಸಾಕುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಕ್ಕಳನ್ನೂ ಬೆಂಚಿಗೆ ಕಟ್ಟುವುದು ಬೇಡ. ದಿನಕ್ಕೊಂದು ಹೊತ್ತು ಬಯಲಿಗೆ ಬಿಡೋಣ.