ತಳುಕಿನ ಮನೆ, ದುರ್ಗದ ನೆತ್ತರು

(ಚಳ್ಳಕೆರೆಯಲ್ಲಿ ಗಿರಣಿ ಕೆಲಸಗಾರರೂ ಮೊಳಕಾಲ್ಮೂರಿನ ನೇಕಾರರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿಯ ಮಾತು, ನೂಲಿನ ದರದ ಮಾತು ಈ ವೇದಿಕೆಯಿಂದ ಬೇಕಾದಷ್ಟು ಆಗಿದೆ, ಮುಂದೆಯೂ ಆಗಬೇಕು. ಈ ಸಂಜೆ ಒಬ್ಬ ಕಾದಂಬರಿಕಾರರ ವಿಷಯ ಹೇಳುತ್ತೇನೆ. ಎಣ್ಣೆ ಗಿರಣಿಗೂ ಮಗ್ಗಕ್ಕೂ ಕಾದಂಬರಿಗೂ ಏನು ನಂಟು ಎಂದು ಕೆಲವರು ಕೇಳಬಹುದು. ನಂಟು ಉಂಟು. ಮೊಳಕಾಲ್ಮೂರಿನಿಂದ ಬಂದವರು ದಾರಿಯಲ್ಲಿ ತಳುಕನ್ನು ದಾಟಿಯೇ ಬಂದಿದ್ದೀರಿ. ತ.ರಾ.ಸು. ಎಂಬ ಹೆಸರಿನ ಮೊದಲಕ್ಷರ ಆ ಊರಿನದು. ಅವರು ಹುಟ್ಟಿದ್ದು 1920ರಲ್ಲಿ ಮಲೇಬೆನ್ನೂರಿನಲ್ಲಾದರೂ ಮನೆತನ ನಮ್ಮ ತಾಲ್ಲೂಕಿನ ತಳುಕಿನದೇ.

ಅದು ಅಕ್ಷರವಿದ್ದ ಮನೆ. ದೊಡ್ಡಪ್ಪ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ಅವರ ತಮ್ಮ ಟಿ.ಎಸ್. ಶಾಮರಾಯರೂ ಲೇಖಕರೇ. ಹಳೆಯ ಕಾವ್ಯ, ಶರಣರ ಕಥೆ, ಇವೆಲ್ಲ ಆ ಮನೆಯ ದಿನದ ಮಾತು. ಹುಡುಗ ಸುಬ್ಬರಾಯ ಮೊದಲ ಕಥೆ ಬರೆದದ್ದೂ ದೊಡ್ಡಪ್ಪ ಹಾಕಿದ ಪಂಥದಿಂದಲೇ. 'ಪುಟ್ಟನ ಚೆಂಡು' ಎಂಬ ಆ ಕಥೆಗೆ ಐದು ರೂಪಾಯಿ ಸಂಭಾವನೆ ಬಂತು. ಬರೆವಣಿಗೆಯೂ ಒಂದು ದುಡಿಮೆ, ಅದಕ್ಕೂ ಕೂಲಿ ಉಂಟು ಎಂಬ ಪಾಠ ಹುಡುಗನಿಗೆ ಅಂದೇ ಆಯಿತು.

ಆದರೆ ಮನೆ ತೋರಿದ ದಾರಿಯಲ್ಲೇ ಹುಡುಗ ನಡೆಯಲಿಲ್ಲ. ಅವನು ಪದವೀಧರನಾಗಬೇಕೆಂಬುದು ದೊಡ್ಡಪ್ಪನವರ ಆಸೆ. ದೊಡ್ಡಪ್ಪ 1939ರಲ್ಲಿ ತೀರಿಕೊಂಡರು. ಹುಡುಗ ಸ್ವಾತಂತ್ರ್ಯ ಚಳವಳಿಗೆ ಧುಮುಕಿದ, ಕಾಲೇಜು ಬಿಟ್ಟ, ಸೆರೆಮನೆ ಕಂಡ. ಪತ್ರಿಕೆಗಳಲ್ಲಿ ದುಡಿದ. ಬಳಿಕ ಅ.ನ. ಕೃಷ್ಣರಾಯರು, ನಿರಂಜನ, ಬಸವರಾಜ ಕಟ್ಟೀಮನಿ ಇವರ ಜೊತೆ ಪ್ರಗತಿಶೀಲ ಚಳವಳಿಯಲ್ಲಿ ನಿಂತ. ಸಾಹಿತ್ಯ ಪಂಡಿತರ ಸೊತ್ತಲ್ಲ, ಜನರ ಸೊತ್ತು ಎಂದು ಸಾರಿದ ಚಳವಳಿ ಅದು. ನೇಕಾರ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸು ಮನೆಯದು, ಹೊಕ್ಕು ಕಾಲದ್ದು. ಎರಡೂ ಸೇರದೆ ಬಟ್ಟೆಯಾಗದು.

ಇದು ತಳುಕಿನ ಮನೆಯೊಂದರ ಕಥೆಯಲ್ಲ. ಇಂಗ್ಲೆಂಡಿನಲ್ಲಿಯೂ ಇಂಥ ಒಂದು ಮನೆ ಇತ್ತು. ತಾಯಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1792ರಲ್ಲೇ ಹೆಣ್ಣಿನ ಹಕ್ಕಿಗಾಗಿ ಗ್ರಂಥ ಬರೆದ ಧೀರೆ. ತಂದೆ ವಿಲಿಯಂ ಗಾಡ್ವಿನ್ ಸರ್ಕಾರಗಳನ್ನೂ ಆಸ್ತಿಯ ಪದ್ಧತಿಯನ್ನೂ ಪ್ರಶ್ನಿಸಿದ ವಿಚಾರವಾದಿ. 1797ರಲ್ಲಿ ಮಗಳು ಹುಟ್ಟಿದ ಹತ್ತು ಹನ್ನೊಂದು ದಿನಕ್ಕೆ ತಾಯಿ ಬಾಣಂತಿ ಜ್ವರದಿಂದ ತೀರಿಕೊಂಡಳು. ಮಗಳು ಹದಿನಾರರಲ್ಲಿ ಮದುವೆಯಾಗಿದ್ದ ಕವಿ ಶೆಲ್ಲಿಯ ಜೊತೆ ಹೊರಟುಹೋದಾಗ, ಲೋಕಕ್ಕೆಲ್ಲ ನ್ಯಾಯ ಹೇಳಿದ ತಂದೆ ಅವಳೊಡನೆ ಮಾತು ಬಿಟ್ಟ. ಅವಳ ಮೊದಲ ಕೂಸು ಹುಟ್ಟಿದ ಕೆಲವೇ ದಿನಗಳಲ್ಲಿ ಸತ್ತಿತು. ಆ ಹೆಣ್ಣುಮಗಳು 1818ರಲ್ಲಿ ಪ್ರಕಟಿಸಿದ ಕಾದಂಬರಿ 'ಫ್ರಾಂಕೆನ್‌ಸ್ಟೈನ್'. ಒಬ್ಬ ವಿಜ್ಞಾನಿ ಹೆಣಗಳ ಅಂಗಗಳನ್ನು ಜೋಡಿಸಿ ಒಂದು ಜೀವವನ್ನು ಮಾಡುತ್ತಾನೆ. ಅದರ ಮುಖ ಕಂಡು ಹೆದರಿ ಓಡಿಹೋಗುತ್ತಾನೆ. ಹೆಸರೂ ಇಲ್ಲದ ಆ ಜೀವ ಹೋದಲ್ಲೆಲ್ಲ ಕಲ್ಲೇಟು ತಿಂದು ಕಡೆಗೆ ಕೊಲೆಗಾರನಾಗುತ್ತದೆ. ಜನ ಅದನ್ನು ಭೂತದ ಕಥೆ ಎಂದರು. ನಾನು ಅದನ್ನು ಕೈಬಿಟ್ಟವನ ಮೇಲೆ ಹೊರಿಸಿದ ಆಪಾದನೆ ಎನ್ನುತ್ತೇನೆ. ದುಡಿಸಿಕೊಂಡು ಬೀದಿಗೆ ನೂಕುವ ಧಣಿಗೂ ಆ ಆಪಾದನೆ ತಟ್ಟುತ್ತದೆ.

ಈಗ ನಮ್ಮ ದುರ್ಗಕ್ಕೆ ಬನ್ನಿ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಎಂಬ ಮೂರು ಕಾದಂಬರಿಗಳನ್ನು ನಿಮ್ಮಲ್ಲಿ ಹಲವರು ಓದಿರಬಹುದು, ಓದಿದವರ ಬಾಯಿಂದ ಕೇಳಿರಬಹುದು. ಕೋಟೆಯ ಕತ್ತಲು, ಅರಮನೆಯ ಪಿಸುಮಾತು, ದಳವಾಯಿ ಮುದ್ದಣ್ಣನ ಅಧಿಕಾರದ ಹಸಿವು, ಗದ್ದುಗೆಗಾಗಿ ಕೊಲೆ. ಓದುವಾಗ ಮೈ ಜುಮ್ಮೆನ್ನುತ್ತದೆ. ಹೆದರಿಸುವುದಷ್ಟೇ ಉದ್ದೇಶವಾಗಿದ್ದರೆ ಪಿಶಾಚಿಯ ಕಥೆ ಸಾಕಾಗಿತ್ತು. ಇಲ್ಲಿ ಪಿಶಾಚಿ ಇಲ್ಲ, ಅಧಿಕಾರವೇ ಪಿಶಾಚಿ. ಎಸೆದವನಿಗೇ ಬಾಣ ತಿರುಗುತ್ತದೆಂದು ಮೂರನೆಯ ಪುಸ್ತಕದ ಹೆಸರೇ ಹೇಳುತ್ತದೆ. ಆಳುವವರ ಸೆರೆಮನೆ ಕಂಡು ಬಂದವರು ಅರಮನೆಯನ್ನು ಬರೆದದ್ದರಿಂದ ಅದು ಹೀಗೆ ಕಂಡಿತೆಂದು ನನ್ನ ಎಣಿಕೆ. ದೊಡ್ಡಪ್ಪನ ಮನೆಯ ಹಳಗನ್ನಡ ಇಲ್ಲದಿದ್ದರೆ ಆ ಕಾಲದ ಮಾತಿನ ಗತ್ತು ಬರುತ್ತಿರಲಿಲ್ಲ. ಚಳವಳಿ ಇಲ್ಲದಿದ್ದರೆ ಅದು ಬರೀ ಹೊಗಳುಭಟ್ಟರ ಪುರಾಣವಾಗುತ್ತಿತ್ತು.

'ಹಂಸಗೀತೆ'ಯ ಸಂಗೀತಗಾರನನ್ನು ನೋಡಿ. ದೊರೆಯ ಅಪ್ಪಣೆಗೆ ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. 1779ರಲ್ಲಿ ಹೈದರಾಲಿಗೆ ದುರ್ಗ ಸೋತ ಕಥೆ 'ದುರ್ಗಾಸ್ತಮಾನ'. 1984ರಲ್ಲಿ ತ.ರಾ.ಸು. ತೀರಿಕೊಂಡ ಮೇಲೆ, 1985ರಲ್ಲಿ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

ಸಂಗಾತಿಗಳೆ, ಕಹಿಯಾದರೂ ಒಂದು ಮಾತು ಹೇಳಲೇಬೇಕು. ತಳುಕಿನ ಆ ಮನೆಯಲ್ಲಿ ಪುಸ್ತಕವಿತ್ತು. ಸುತ್ತಲಿನ ಹೊಲದಲ್ಲಿ ಕಡಲೆಕಾಯಿ ಕಿತ್ತವನ ಮನೆಯಲ್ಲಿ ಇರಲಿಲ್ಲ. ಅವನ ಮಗನಿಗೆ ಕಥೆಯ ಪಂಥ ಹಾಕುವ ದೊಡ್ಡಪ್ಪನೂ ಇರಲಿಲ್ಲ. ಬುದ್ಧಿ ಎಲ್ಲ ಕೇರಿಗಳಲ್ಲೂ ಹುಟ್ಟುತ್ತದೆ. ಅಕ್ಷರ ಮಾತ್ರ ಕೆಲವೇ ಬಾಗಿಲು ತಟ್ಟಿತು. ಹಾಗಾದರೆ ಹುಟ್ಟಿನ ಮನೆಯೇ ಎಲ್ಲವೂ ಎಂದು ಕೈಚೆಲ್ಲಿ ಕೂರಬೇಕೆ?

ಬೇಡ. ಅದಕ್ಕೂ ಉತ್ತರ ತಳುಕಿನ ಮನೆಯಲ್ಲೇ ಇದೆ. ವೆಂಕಣ್ಣಯ್ಯನವರು ವಿದ್ಯೆಯನ್ನು ತಮ್ಮ ಮನೆಯ ಮಕ್ಕಳಿಗೆ ಮಾತ್ರ ಕಟ್ಟಿಡಲಿಲ್ಲ. ಮಲೆನಾಡಿನ ಕುಪ್ಪಳಿಯ ಒಕ್ಕಲು ಮನೆಯಿಂದ ಬಂದ ಪುಟ್ಟಪ್ಪನವರು ಅವರ ಶಿಷ್ಯರು. ಆ ಶಿಷ್ಯರು 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುಗಳಿಗೇ. ನೆತ್ತರಿನ ನಂಟಿಲ್ಲದೆಯೂ ಮನೆ ಕಟ್ಟಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಮ್ಮ ಸಂಘ ಅಂಥ ಮನೆಯಾಗಬೇಕು. ಚಳ್ಳಕೆರೆಯ ಗಿರಣಿ ಕೇರಿಯಲ್ಲೊಂದು, ಮೊಳಕಾಲ್ಮೂರಿನ ಮಗ್ಗದ ಬೀದಿಯಲ್ಲೊಂದು ವಾಚನಾಲಯ ತೆರೆಯೋಣ. ಗಿರಣಿಯವರು ತಿಂಗಳಿಗೊಂದು ಪಾಲು ಹಾಕಲಿ. ಅಂಗಡಿಯವರು ತಿಂಗಳಿಗೊಂದು ಪುಸ್ತಕ ಕೊಡಲಿ. ಓದು ಬಲ್ಲವರು ರಾತ್ರಿ ಒಂದು ಗಂಟೆ ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಮಕ್ಕಳನ್ನೂ ಕರೆತನ್ನಿ, ಅದರಲ್ಲೂ ಹೆಣ್ಣುಮಕ್ಕಳನ್ನು ಮರೆಯಬೇಡಿ. ಕೋಟೆಯೊಳಗಿನ ನೆತ್ತರಿನ ಕಥೆ ಬರೆದಾಗಿದೆ. ಗಿರಣಿಯೊಳಗಿನ ಬೆವರಿನ ಕಥೆ ಬರೆಯುವ ಹುಡುಗ, ಹುಡುಗಿ ನಿಮ್ಮ ಮನೆಯಿಂದಲೇ ಬರಬೇಕು. ಅವರಿಗೆ ಪಂಥ ಹಾಕುವ ದೊಡ್ಡಪ್ಪ ನಾವೆಲ್ಲ ಆಗೋಣ.