ವಂಶವಾಹಿ ಇದ್ದರೆ ಸಾಲದು

(ಸೊರಟೂರಿನಲ್ಲಿ ಹಾಲು ಉತ್ಪಾದಕರ ಮುಂದೆ ಮಾಡಿದ ಭಾಷಣ)



ನಮ್ಮ ಧಾರವಾಡಿ ಎಮ್ಮೆ 2021ರಲ್ಲಿ ಪ್ರತ್ಯೇಕ ತಳಿಯೆಂದು ದಾಖಲಾಯಿತು. ಅದರ ಸೀಮೆಯಲ್ಲಿ ಗದಗ ಜಿಲ್ಲೆಯೂ ಸೇರಿದೆ.

ಹಾಲಿನ ಪ್ರೋಟೀನು ತಯಾರಿಸುವ ವಂಶವಾಹಿ ಎಮ್ಮೆಯ ಕಿವಿಯಲ್ಲೂ ಇದೆ, ಕೆಚ್ಚಲಿನಲ್ಲೂ ಇದೆ. ಆದರೆ ಈಯುವ ಹೊತ್ತಿಗೆ ಹಾರ್ಮೋನುಗಳು ಅದನ್ನು ಕೆಚ್ಚಲಿನಲ್ಲಿ ಮಾತ್ರ ಚಾಲೂ ಮಾಡುತ್ತವೆ. ಮೇವು, ನೀರು, ನೆರಳು ತಪ್ಪಿದರೆ ಹಾಲು ಇಳಿಯುತ್ತದೆ, ವಂಶವಾಹಿ ಬದಲಾಗಿರುವುದಿಲ್ಲ. ಆದ್ದರಿಂದ ಮೊದಲು ಗೋದಲಿ ನೋಡಿರಿ, ಆಮೇಲೆ ತಳಿಯನ್ನು ದೂರಿರಿ.

ತಲೆಮಾರುಗಳಿಂದ ಜೋಳದ ಕಣಿಕೆ ತಿಂದು, ಬರಗಾಲ ದಾಟಿ ಉಳಿದ ಎಮ್ಮೆಗಳ ಸಂತತಿ ಇದು. ಎಲ್ಲಕ್ಕೂ ಮುರ್ರಾ ವೀರ್ಯವನ್ನೇ ಹಾಕಿಸುತ್ತ ಹೋದರೆ ಈ ಗುಣ ಕರಗಿಹೋಗುತ್ತದೆ. ಒಳ್ಳೆಯ ಧಾರವಾಡಿ ಎಮ್ಮೆಗೆ ರಕ್ತಸಂಬಂಧವಿಲ್ಲದ ಧಾರವಾಡಿ ಕೋಣವನ್ನೇ ಕೂಡಿಸಿರಿ. ಕಳೆದುಹೋದ ತಳಿ ಯಾವ ಸಂತೆಯಲ್ಲೂ ಸಿಗುವುದಿಲ್ಲ.