ಮನ್ಮಾಡ್ ತನಕ ಒಂದೇ ಹಳಿ

ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಮಹಾರಾಷ್ಟ್ರದ ಮನ್ಮಾಡ್ ಜಂಕ್ಷನ್ ಹಾದು ಹೋಗುತ್ತದೆ. ಶಿರಡಿ, ತ್ರ್ಯಂಬಕೇಶ್ವರ ಎಂದು ಓಡಾಡಿದ ಮನೆಯವರಿಗೆ ಈ ಊರಿನ ಹೆಸರು ಪರಿಚಯ. ಅದರ ಒಂದು ಬದಿಗೆ ನಾಶಿಕ್, ಇನ್ನೊಂದು ಬದಿಗೆ ಛತ್ರಪತಿ ಸಂಭಾಜಿನಗರ. ನಿಮ್ಮ ಅಪ್ಪ ಅಮ್ಮ ಶಾಲೆಯಲ್ಲಿ ಓದುವಾಗ ಭೂಪಟದಲ್ಲಿ ಅದು ಔರಂಗಾಬಾದ್ ಆಗಿತ್ತು. ಇವತ್ತು ಚದುರಂಗದ ಮಾತಾಡೋಣ. ರೈಲಿನ ಮಾತು ಯಾಕೆ ಬಂತು ಅಂದರೆ, ಮುಂದೆ ಅದು ಕೆಲಸಕ್ಕೆ ಬರುತ್ತದೆ.

ನಾಶಿಕ್ ಎಂದರೆ ದ್ರಾಕ್ಷಿ, ಗೋದಾವರಿ, ಕುಂಭಮೇಳ. ಚದುರಂಗ ಆಡುವ ಮಕ್ಕಳಿಗೆ ಮಾತ್ರ ಅದು ವಿದಿತ್ ಗುಜರಾತಿಯ ಊರು. 1994ರಲ್ಲಿ ಹುಟ್ಟಿದ ವಿದಿತ್ 2008ರಲ್ಲಿ 14 ವರ್ಷದೊಳಗಿನವರ ವಿಶ್ವ ಚಾಂಪಿಯನ್ ಆದರು, 2013ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದರು. 2024ರಲ್ಲಿ ಬುಡಾಪೆಸ್ಟ್‌ನ ಒಲಿಂಪಿಯಾಡ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಇದ್ದರು. ಅವರಂಥ ಆಟಗಾರರು ಆಟ ಮುಗಿದ ಮೇಲೆ ಮೊದಲು ಮಾಡುವ ಕೆಲಸವೆಂದರೆ ಕಂಪ್ಯೂಟರ್ ತೆರೆದು 'ಎಂಜಿನ್' ಏನು ಹೇಳುತ್ತದೆ ಎಂದು ನೋಡುವುದು. ಎಂಜಿನ್ ಎಂದರೆ ಚದುರಂಗ ಯೋಚಿಸುವ ಪ್ರೋಗ್ರಾಮ್. ಇವುಗಳಲ್ಲಿ ಸ್ಟಾಕ್‌ಫಿಶ್ ಹೆಸರುವಾಸಿ. 2008ರಲ್ಲಿ ಹೊರಬಂದ ಅದು ಉಚಿತ. ನಿಮ್ಮ ಮನೆಯ ಮೊಬೈಲಿನಲ್ಲೂ ಓಡುತ್ತದೆ.

ಇಷ್ಟು ಬಲ್ಲ ಯಂತ್ರವನ್ನೂ ಒಂದು ಕಾಲದಲ್ಲಿ ಹಣ್ಣು ಮಾಡಿದ ಆಟವೊಂದಿದೆ. ಅದರಲ್ಲಿ ಆನೆಯಿಲ್ಲ, ಕುದುರೆಯಿಲ್ಲ, ಒಂಟೆಯಿಲ್ಲ, ರಾಣಿಯೂ ಇಲ್ಲ. ಬರೀ ಇಬ್ಬರು ರಾಜರು, ಒಂದಷ್ಟು ಕಾಲಾಳುಗಳು. ಕಾಯಿ ಕಡಿಮೆಯಾದರೆ ಲೆಕ್ಕ ಸುಲಭವಾಗಬೇಕಲ್ಲವೇ? ಒಂದು ಹಲಗೆ ತಂದಿಟ್ಟುಕೊಳ್ಳಿ, ನೋಡೇಬಿಡೋಣ.

ಬಿಳಿ ರಾಜನನ್ನು ಎಚ್8ರಲ್ಲಿ ಇಡಿ, ಬಿಳಿ ಕಾಲಾಳನ್ನು ಸಿ6ರಲ್ಲಿ. ಕಪ್ಪು ರಾಜ ಎ6ರಲ್ಲಿ, ಕಪ್ಪು ಕಾಲಾಳು ಎಚ್5ರಲ್ಲಿ. ಬಿಳಿಯ ಸರದಿ. ರಿಚರ್ಡ್ ರೇಟಿ ಎಂಬ ಆಟಗಾರ 1921ರಲ್ಲಿ ಕಟ್ಟಿದ ಸಮಸ್ಯೆ ಇದು. ಮೇಲುನೋಟಕ್ಕೆ ಬಿಳಿಯ ಕಥೆ ಮುಗಿದಂತೆಯೇ. ಕಪ್ಪು ಕಾಲಾಳು ನಾಲ್ಕು ಹೆಜ್ಜೆ ಇಟ್ಟರೆ ರಾಣಿ. ಅದನ್ನು ಹಿಡಿಯೋಣವೆಂದರೆ ಬಿಳಿ ರಾಜ ಎರಡು ನಡೆ ಹಿಂದಿದ್ದಾನೆ. ತನ್ನ ಕಾಲಾಳನ್ನಾದರೂ ಕಾಯೋಣವೆಂದರೆ ಅದೂ ದೂರ, ಕಪ್ಪು ರಾಜ ಎರಡೇ ನಡೆಯಲ್ಲಿ ಅದನ್ನು ಹೊಡೆದುಹಾಕುತ್ತಾನೆ. ಹೀಗಿದ್ದೂ ಬಿಳಿ ಡ್ರಾ ಮಾಡಿಕೊಳ್ಳುತ್ತದೆ.

ಹೇಗೆ? ರಾಜ ಓರೆಯಾಗಿ ಇಳಿಯುತ್ತಾನೆ: ಜಿ7, ಎಫ್6, ಇ5. ನಾಶಿಕ್‌ನಲ್ಲಿ ರೈಲು ಹತ್ತಿದವರೊಬ್ಬರಿಗೆ ಎಲ್ಲೋರ ನೋಡುವುದೋ ಅಜಂತಾ ನೋಡುವುದೋ ಇನ್ನೂ ತೀರ್ಮಾನವಾಗಿಲ್ಲ ಎನ್ನಿ. ಎಲ್ಲೋರಕ್ಕಾದರೆ ಸಂಭಾಜಿನಗರದ ಹಳಿ, ಅಜಂತಾಕ್ಕಾದರೆ ಜಳಗಾಂವ್ ಹಳಿ. ಮನ್ಮಾಡ್ ತನಕ ಎರಡಕ್ಕೂ ಒಂದೇ ಹಳಿ, ಅಲ್ಲಿಯವರೆಗೆ ತೀರ್ಮಾನ ಮಾಡಬೇಕಾಗಿಯೇ ಇಲ್ಲ. ರೇಟಿಯ ರಾಜನಿಗೆ ಇ5 ಅಂಥ ಮನ್ಮಾಡ್. ಅಷ್ಟರಲ್ಲಿ ಕಪ್ಪು ಒಮ್ಮೆ ಕಾಲಾಳನ್ನು ಎಚ್4ಕ್ಕೆ ತಳ್ಳಿ, ಒಮ್ಮೆ ರಾಜನನ್ನು ಬಿ6ಕ್ಕೆ ತಂದಿರುತ್ತದೆ. ಈಗ ಕಪ್ಪು ರಾಜ ಸಿ6ರ ಕಾಲಾಳನ್ನು ಹೊಡೆದರೆ ಬಿಳಿ ರಾಜ ಎಫ್4, ಜಿ3 ಎಂದು ಓಡಿ ಕಪ್ಪು ಕಾಲಾಳನ್ನು ಹಿಡಿದುಬಿಡುತ್ತಾನೆ. ಹೊಡೆಯದೆ ಕಾಲಾಳನ್ನೇ ಓಡಿಸಿದರೆ ಬಿಳಿ ರಾಜ ಡಿ6ಕ್ಕೆ ಬಂದು ತನ್ನ ಕಾಲಾಳಿಗೆ ಜೊತೆಯಾಗುತ್ತಾನೆ. ಆಗ ಇಬ್ಬರಿಗೂ ರಾಣಿ, ಆಟ ಡ್ರಾ.

ಇದರಲ್ಲಿ ಒಂದು ಗಣಿತವಿದೆ. ಎಚ್8ರಿಂದ ಎಚ್1ಕ್ಕೆ ರಾಜ ನೆಟ್ಟಗೆ ಇಳಿದರೆ ಏಳು ನಡೆ. ಜಿ7, ಎಫ್6, ಇ5, ಎಫ್4, ಜಿ3, ಎಚ್2, ಎಚ್1 ಎಂದು ಸುತ್ತಿ ಬಂದರೆ ಎಷ್ಟು? ಎಣಿಸಿ, ಅದೂ ಏಳೇ! ಸ್ಕೇಲ್ ಹಿಡಿದು ಅಳೆದರೆ ಓರೆ ದಾರಿ ಉದ್ದ. ಆದರೆ ರಾಜನಿಗೆ ಲೆಕ್ಕ ಸೆಂಟಿಮೀಟರ್‌ನಲ್ಲಿಲ್ಲ, ನಡೆಯಲ್ಲಿದೆ. ಅಡ್ಡ, ಉದ್ದ, ಓರೆ ಯಾವ ಕಡೆಗೆ ಹೋದರೂ ಒಂದು ಮನೆಗೆ ಒಂದು ನಡೆ. ಹಾಗಾಗಿ ಹೆಚ್ಚಿನ ಖರ್ಚಿಲ್ಲದೆ ಎರಡು ಕೆಲಸದ ಕಡೆಗೂ ಒಟ್ಟಿಗೆ ನಡೆಯಬಹುದು. ಚದುರಂಗದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು. ಕುದುರೆಯ ನೆಗೆತಕ್ಕಿಂತಲೂ!

ಇನ್ನು ಎಂಜಿನ್‌ಗೆ ಈ ಸಮಸ್ಯೆ ಕೊಟ್ಟರೆ? ಕೊಟ್ಟ ತಕ್ಷಣ ಡ್ರಾ ಎನ್ನುತ್ತದೆ. ಬೇಕೆಂದರೆ ಅದು ಯೋಚಿಸುವ ಅಗತ್ಯವೂ ಇಲ್ಲ, ಉತ್ತರ ಮೊದಲೇ ಬರೆದಿಟ್ಟಿದೆ.

ಅದು ಹೇಗೆಂದು ತಿಳಿಯಲು ಸಂಭಾಜಿನಗರದ ಕಡೆ ಹೋಗೋಣ. ಅಲ್ಲಿಂದ ಹತ್ತಿರದಲ್ಲೇ ಎಲ್ಲೋರ. ಕನ್ನಡ ನಾಡನ್ನೂ ಆಳಿದ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ ಕೈಲಾಸನಾಥ ದೇವಾಲಯ 16ನೇ ಗುಹೆ. ಅದನ್ನು ಎಲ್ಲರೂ ನೋಡುತ್ತಾರೆ. ಸ್ವಲ್ಪ ಮುಂದೆ ಹೋಗಿ 21ನೇ ಗುಹೆಯಾದ ರಾಮೇಶ್ವರವನ್ನೂ ನೋಡಿ. ಅಲ್ಲಿ ಶಿವ ಪಾರ್ವತಿ ಕೂತು ಪಗಡೆ ಆಡುತ್ತಿರುವ ಶಿಲ್ಪವಿದೆ. ಆ ಆಟದಲ್ಲಿ ಮುಂದೇನಾಗುತ್ತದೆ ಎಂದು ಯಾವ ಕಂಪ್ಯೂಟರೂ ಹೇಳಲಾರದು, ಯಾಕೆಂದರೆ ದಾಳ ಉರುಳುವ ತನಕ ಸಂಖ್ಯೆ ಯಾವುದೆಂದು ಗೊತ್ತಾಗುವುದಿಲ್ಲ. ಚದುರಂಗದಲ್ಲಿ ದಾಳವಿಲ್ಲ, ಮುಚ್ಚಿಟ್ಟ ಕಾಯಿಯೂ ಇಲ್ಲ, ಎಲ್ಲವೂ ಕಣ್ಣೆದುರು. ಹಾಗಿದ್ದ ಮೇಲೆ ಪ್ರತಿಯೊಂದು ಸ್ಥಿತಿಗೂ ಗೆಲುವು, ಸೋಲು, ಡ್ರಾ ಇವುಗಳಲ್ಲಿ ಒಂದು ಉತ್ತರ ಇದ್ದೇ ಇರಬೇಕು. ಆ ಉತ್ತರವನ್ನು ಒಂದು ಸಲ ಕಂಡುಹಿಡಿದು ಪಟ್ಟಿ ಮಾಡಿಟ್ಟರಾಯಿತು.

ಎಲ್ಲಕ್ಕಿಂತ ಚಿಕ್ಕ ಪಟ್ಟಿಯನ್ನು ನಾವೇ ಲೆಕ್ಕ ಹಾಕೋಣ: ಇಬ್ಬರು ರಾಜರು, ಒಂದು ಕಾಲಾಳು. ಪ್ರತಿ ರಾಜನಿಗೂ 64 ಮನೆ. ಕಾಲಾಳು ಮೊದಲ ಸಾಲಿನಲ್ಲೂ ಕೊನೆಯ ಸಾಲಿನಲ್ಲೂ ಇರುವುದಿಲ್ಲ, ಉಳಿದದ್ದು ಆರು ಸಾಲು. ಹಲಗೆಯ ಎಡಭಾಗ ಬಲಭಾಗ ಕನ್ನಡಿಯ ಬಿಂಬದಂತಿರುವುದರಿಂದ ಎಡಗಡೆಯ ನಾಲ್ಕು ಕಂಬಸಾಲು ನೋಡಿದರೆ ಸಾಕು, ಅಲ್ಲಿಗೆ 24 ಮನೆ. ಸರದಿ ಬಿಳಿಯದೋ ಕಪ್ಪಿನದೋ ಎಂದು ಎರಡು ಬಗೆ. 64ನ್ನು 64ರಿಂದ, ಅದನ್ನು 24ರಿಂದ, ಮತ್ತೆ 2ರಿಂದ ಗುಣಿಸಿ: 1,96,608. ಇಷ್ಟು ಸ್ಥಿತಿಗಳಲ್ಲಿ 'ಕಾಲಾಳು ಕ್ಷೇಮವಾಗಿ ರಾಣಿಯಾಯಿತು' ಎಂಬಂಥವನ್ನು ಕಂಪ್ಯೂಟರ್ ಮೊದಲು ಗುರುತು ಹಾಕಿಕೊಳ್ಳುತ್ತದೆ. ಆಮೇಲೆ ಹಿಂದಕ್ಕೆ ಬರುತ್ತದೆ. ಬಿಳಿಯ ಸರದಿಯಿದ್ದು, ಒಂದೇ ನಡೆಯಲ್ಲಿ ಗುರುತಿನ ಸ್ಥಿತಿಗೆ ಹೋಗಬಹುದಾದರೆ ಅದೂ ಗೆಲುವು. ಕಪ್ಪಿನ ಸರದಿಯಿದ್ದು, ಎತ್ತ ಹೋದರೂ ಗುರುತಿನ ಸ್ಥಿತಿಗೇ ಹೋಗಿ ಬೀಳುವುದಾದರೆ ಅದೂ ಬಿಳಿಗೆ ಗೆಲುವು. ಹೀಗೆ ಹೊಸ ಗುರುತು ಸಿಗದಾಗುವ ತನಕ ಹಿಂದೆ ಹಿಂದೆ ಬಂದು, ಉಳಿದದ್ದಕ್ಕೆಲ್ಲ ಡ್ರಾ ಎಂದು ಬರೆಯುತ್ತದೆ. ಒಂದೊಂದು ಸ್ಥಿತಿಗೆ ಒಂದೊಂದು ಬಿಟ್ ಸಾಕು. ಇಡೀ ಪಟ್ಟಿ 24 ಕಿಲೋಬೈಟ್. ಸ್ಟಾಕ್‌ಫಿಶ್ ಬಹಳ ವರ್ಷ ಈ ಪಟ್ಟಿಯನ್ನು ತಾನು ಶುರುವಾಗುವಾಗಲೇ ಲೆಕ್ಕ ಹಾಕಿ ಮುಗಿಸಿಕೊಳ್ಳುತ್ತಿತ್ತು.

ಕಾಯಿ ಹೆಚ್ಚಿದಂತೆ ಪಟ್ಟಿ ಭಯಂಕರವಾಗಿ ಬೆಳೆಯುತ್ತದೆ. ಏಳು ಕಾಯಿಗಳ ಪಟ್ಟಿಯನ್ನು 2012ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಲೊಮೊನೊಸೊವ್ ಸೂಪರ್ ಕಂಪ್ಯೂಟರಿನಲ್ಲಿ ಮಾಡಿದರು. ಅದರಲ್ಲಿರುವ ಸ್ಥಿತಿಗಳು 423 ಲಕ್ಷ ಕೋಟಿಗೂ ಹೆಚ್ಚು.

ಈಗ ಹಲಗೆಯನ್ನು ಖಾಲಿ ಮಾಡಿ, ಇನ್ನೊಂದು ಆಟ ಜೋಡಿಸಿ. ಬಿಳಿ ರಾಜ ಎ1ರಲ್ಲಿ, ಬಿಳಿ ಕಾಲಾಳುಗಳು ಎ4, ಡಿ4, ಡಿ5, ಎಫ್4ರಲ್ಲಿ. ಕಪ್ಪು ರಾಜ ಎ7ರಲ್ಲಿ, ಕಪ್ಪು ಕಾಲಾಳುಗಳು ಎ5, ಡಿ6, ಎಫ್5ರಲ್ಲಿ. ಇದಕ್ಕೆ ಲಾಸ್ಕರ್ ಮತ್ತು ರೈಕ್‌ಹೆಲ್ಮ್ ಇಬ್ಬರ ಹೆಸರಿದೆ, ಕಾಲ 1901. ರೂಬೆನ್ ಫೈನ್ 1941ರಲ್ಲಿ ಬರೆದ ಅಂತ್ಯದಾಟಗಳ ಪುಸ್ತಕದಲ್ಲಿ ಇದರ ಸಂಖ್ಯೆ 70. ಆದ್ದರಿಂದ ಎಂಜಿನ್ ಬರೆಯುವವರೆಲ್ಲ ಇದನ್ನು 'ಫೈನ್ 70' ಎಂದೇ ಕರೆಯುತ್ತಾರೆ.

ಕಾಯಿ ಎಣಿಸಿ. ಒಂಬತ್ತು. ಏಳರ ಪಟ್ಟಿಯಲ್ಲಿ ಉತ್ತರವಿಲ್ಲ, ತಲೆ ಓಡಿಸಲೇಬೇಕು. ಇನ್ನೊಂದು ಸಂಗತಿ ಗಮನಿಸಿ: ಎಲ್ಲ ಕಾಲಾಳುಗಳೂ ಒಂದಕ್ಕೊಂದು ಅಡ್ಡ ನಿಂತಿವೆ, ಒಂದೂ ಅಲುಗಾಡುವಂತಿಲ್ಲ. ನಡೆಯುವವರು ರಾಜರಿಬ್ಬರೇ. ಬಿಳಿ ರಾಜನಿಗೆ ನುಗ್ಗಲು ಎರಡು ಬಾಗಿಲು. ಎಡಗಡೆ ಸಿ4ರಿಂದ ಬಿ5ಕ್ಕೆ ಹೋಗಿ ಎ5ರ ಕಾಲಾಳನ್ನು ಹೊಡೆಯಬಹುದು. ಬಲಗಡೆ ಎಚ್4ರಿಂದ ಜಿ5ಕ್ಕೆ ಹೋಗಿ ಎಫ್5ರದನ್ನು ಹೊಡೆಯಬಹುದು. ಕಪ್ಪು ರಾಜ ಒಬ್ಬನೇ ಎರಡನ್ನೂ ಕಾಯಬೇಕು. ಬಿಳಿ ರಾಜ ಡಿ3ರಲ್ಲಿದ್ದಾಗ ಕಪ್ಪು ರಾಜ ಸಿ7ರಲ್ಲಿದ್ದು, ಸರದಿ ಬಿಳಿಯದಾಗಿದ್ದರೆ ಕಪ್ಪು ತಡೆದುಕೊಳ್ಳುತ್ತದೆ: ಬಿಳಿ ಸಿ4ಕ್ಕೆ ಬಂದರೆ ತಾನು ಬಿ6ಕ್ಕೆ, ಬಿಳಿ ಇ3ಕ್ಕೆ ಬಂದರೆ ತಾನು ಡಿ7ಕ್ಕೆ. ಅದೇ ಸ್ಥಿತಿಯಲ್ಲಿ ಸರದಿ ಕಪ್ಪಿನದಾಗಿದ್ದರೆ? ಡಿ7ಕ್ಕೆ ಹೋದರೆ ಬಿಳಿ ಎಡಬಾಗಿಲಿಂದ ನುಗ್ಗುತ್ತದೆ, ಬಿ6ಕ್ಕೆ ಹೋದರೆ ಬಲಬಾಗಿಲಿಂದ. ನಿಂತಲ್ಲೇ ನಿಲ್ಲಲು ನಿಯಮ ಬಿಡುವುದಿಲ್ಲ. ಪಾಪ.

ಹಾಗಾಗಿ ಬಿಳಿಯ ಉಪಾಯ ಇಷ್ಟೇ, ಸರಿಯಾದ ಹೊತ್ತಿಗೆ ಸರದಿಯನ್ನು ಕಪ್ಪಿನ ತಲೆಗೆ ಕಟ್ಟುವುದು. ಅದಕ್ಕೆ ಮೊದಲ ನಡೆ ಬಿ1. ಮುಂದೆ ಹೋಗುವ ಆತುರದಲ್ಲಿ ಬಿ2ಕ್ಕೆ ಹೋದರೆ ಕಪ್ಪು ಎ8ರ ಮೂಲೆಗೆ ಸರಿದು ಡ್ರಾ ಮಾಡಿಕೊಳ್ಳುತ್ತದೆ. ಮೂಲೆಗೆ ಹಿಂದೆ ಸರಿಯುವುದೇ ಸರಿಯಾದ ಉತ್ತರ ಎಂದು ಯಾರಿಗೆ ಹೊಳೆಯುತ್ತದೆ ಹೇಳಿ!

1970ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್‌ನ ಮಾಂಟಿ ನ್ಯೂಬಾರ್ನ್ ರಾಜ ಮತ್ತು ಕಾಲಾಳುಗಳ ಆಟಕ್ಕೆಂದೇ 'ಪೆಸೆಂಟ್' ಎಂಬ ಪ್ರೋಗ್ರಾಮ್ ಬರೆದರು. ಫೈನ್ 70 ಅದರ ಕೈಗೆ ಸಿಗಲಿಲ್ಲ. ಯಾಕೆಂದರೆ ಬಿಳಿಗೆ ಒಂದು ಕಾಲಾಳು ದಕ್ಕುವುದನ್ನು ಕಾಣಲು ಎರಡೂ ಕಡೆಯದು ಸೇರಿ ಇಪ್ಪತ್ತಕ್ಕೂ ಹೆಚ್ಚು ನಡೆ ಮುಂದೆ ನೋಡಬೇಕು. ಪ್ರತಿ ಸಲವೂ ಐದು ದಾರಿ ಇದೆ ಎಂದುಕೊಂಡರೂ, ಐದನ್ನು ಐದರಿಂದ ಗುಣಿಸುತ್ತ ಇಪ್ಪತ್ತು ಐದುಗಳು ಸೇರುವಾಗ 95 ಲಕ್ಷ ಕೋಟಿ ದಾಟುತ್ತದೆ. ಆ ಕಾಲದ ಕಂಪ್ಯೂಟರ್ ಎಲ್ಲಿ, ಈ ಸಂಖ್ಯೆ ಎಲ್ಲಿ!

ಈಗ ಬೇರೆ ಥರ ಎಣಿಸೋಣ. ಕಾಲಾಳುಗಳು ಕೂತಿರುವ ಏಳು ಮನೆ ಬಿಟ್ಟರೆ 57 ಉಳಿಯುತ್ತವೆ. ಒಬ್ಬ ರಾಜನಿಗೆ 57, ಇನ್ನೊಬ್ಬನಿಗೆ 56, ಸರದಿಗೆ ಎರಡು. ಗುಣಿಸಿದರೆ ಬರೀ 6,384! ಯಾವುದಾದರೂ ಕಾಲಾಳು ಬೀಳುವ ತನಕ ಇದಕ್ಕಿಂತ ಹೆಚ್ಚು ಸ್ಥಿತಿಗಳು ಇರಲು ಸಾಧ್ಯವೇ ಇಲ್ಲ. ಹಾಗಾದರೆ ಆ 95 ಲಕ್ಷ ಕೋಟಿ ಎಲ್ಲಿಂದ ಬಂತು? ನೋಡಿದ್ದನ್ನೇ ಮತ್ತೆ ಮತ್ತೆ ನೋಡಿದ್ದರಿಂದ. ಎ1ರಿಂದ ಸಿ1ಕ್ಕೆ ಬಿ1 ಮೇಲೂ ಬರಬಹುದು, ಬಿ2 ಮೇಲೂ ಬರಬಹುದು. ಬಂದ ಮೇಲೆ ಸ್ಥಿತಿ ಒಂದೇ. ಮರೆವಿನ ಯಂತ್ರ ಎರಡು ಸಲವೂ ಮೊದಲಿಂದ ಲೆಕ್ಕ ಹಾಕುತ್ತದೆ. ನೆನಪಿರುವ ಯಂತ್ರ 'ಇದನ್ನು ಆಗಲೇ ನೋಡಿಯಾಯಿತು' ಎಂದು ಮುಂದೆ ಹೋಗುತ್ತದೆ. ಫೈನ್ 70 ಯಂತ್ರದ ದೂರದೃಷ್ಟಿಯನ್ನು ಪರೀಕ್ಷಿಸುವ ಸಮಸ್ಯೆ ಎಂದು ಹೇಳುವುದುಂಟು. ಅದು ಪರೀಕ್ಷಿಸುವುದು ನೆನಪನ್ನು ಎಂದೇ ನನ್ನ ಎಣಿಕೆ.

ಅಷ್ಟೊಂದು ಸ್ಥಿತಿಗಳನ್ನು ಬೇಗ ಗುರುತು ಹಿಡಿಯುವುದು ಹೇಗೆ? 1970ರಲ್ಲಿ ಆಲ್ಬರ್ಟ್ ಜೊಬ್ರಿಸ್ಟ್ ಒಂದು ಜಾಣ ಉಪಾಯ ಹೇಳಿದರು. ಕಾಯಿಗಳಲ್ಲಿ ಹನ್ನೆರಡು ಬಗೆ, ಮನೆಗಳು 64. 'ಈ ಕಾಯಿ ಈ ಮನೆಯಲ್ಲಿ' ಎಂಬ 768 ಜೋಡಿಗಳಿಗೂ ಒಂದೊಂದು ದೊಡ್ಡ ಸಂಖ್ಯೆಯನ್ನು ಚೀಟಿ ಎತ್ತಿದಂತೆ ಕೊಟ್ಟುಬಿಡಿ. ಹಲಗೆಯ ಮೇಲಿರುವ ಕಾಯಿಗಳ ಸಂಖ್ಯೆಗಳನ್ನೆಲ್ಲ ಒಂದು ವಿಶೇಷ ರೀತಿಯಲ್ಲಿ ಕೂಡಿ. ಬರುವ ಮೊತ್ತವೇ ಆ ಸ್ಥಿತಿಯ ಗುರುತು. ಆ ಕೂಡುವಿಕೆಯ ಚಮತ್ಕಾರವೇನೆಂದರೆ, ಅದೇ ಸಂಖ್ಯೆಯನ್ನು ಇನ್ನೊಂದು ಸಲ ಕೂಡಿದರೆ ಅದು ಅಳಿಸಿಹೋಗುತ್ತದೆ. ರಾಜ ಬಿ1ರಿಂದ ಸಿ1ಕ್ಕೆ ಹೋದಾಗ ಹಳೆಯದನ್ನು ಅಳಿಸಿ ಹೊಸದನ್ನು ಸೇರಿಸಿದರಾಯಿತು, ಉಳಿದ ಕಾಯಿಗಳನ್ನು ಮುಟ್ಟಬೇಕಾಗಿಲ್ಲ. ಸರದಿಗೂ ಇಂಥದೇ ಒಂದು ಸಂಖ್ಯೆ ಇಟ್ಟುಕೊಳ್ಳುತ್ತಾರೆ. ಇವತ್ತಿನ ಎಂಜಿನ್‌ಗಳು ಇದನ್ನೇ ಬಳಸುತ್ತವೆ. ಸ್ಟಾಕ್‌ಫಿಶ್‌ನ ಸೆಟ್ಟಿಂಗ್‌ನಲ್ಲಿ 'ಹ್ಯಾಶ್' ಎಂದು ಕಾಣುವುದು ಈ ನೆನಪಿಗೆ ಎಷ್ಟು ಜಾಗ ಕೊಟ್ಟಿದೆ ಎಂಬುದರ ಲೆಕ್ಕ.

ಫೈನ್ 70ನ್ನು ಮೊಬೈಲಿಗೆ ಕೊಟ್ಟು ನೋಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ರಾಜ ಬಿ1ಕ್ಕೆ ಎನ್ನುತ್ತದೆ. ಯಾಕೆ ಎಂದು ಮಾತ್ರ ಹೇಳುವುದಿಲ್ಲ. ಅದನ್ನು ಹಲಗೆಯ ಮೇಲೆ ನೀವೇ ಹುಡುಕಬೇಕು. ಅಣ್ಣನೋ ಅಕ್ಕನೋ ಬಿಳಿ ಹಿಡಿಯಲಿ, ನೀವು ಕಪ್ಪು ಹಿಡಿಯಿರಿ. ಬಿಳಿ ರಾಜ ಡಿ3ರಲ್ಲಿದ್ದರೆ ನೀವು ಸಿ7ರಲ್ಲಿರಬೇಕು ಎಂದು ಆಗಲೇ ನೋಡಿದೆವು. ಸಿ4ಕ್ಕೆ ಬಿ6 ಜೋಡಿ. ಸಿ3ಕ್ಕೆ ಬಿ7 ಜೋಡಿ. ಒಂದು ಕಾಗದದಲ್ಲಿ ಹಲಗೆ ಬರೆದು ಈ ಮೂರು ಜೋಡಿಗಳಿಗೆ 1, 2, 3 ಎಂದು ನಂಬರ್ ಹಾಕಿ. ಆಮೇಲೆ ಸಿ2ಕ್ಕೆ ಯಾವ ಮನೆ, ಡಿ2ಕ್ಕೆ ಯಾವ ಮನೆ ಎಂದು ಹಿಂದಕ್ಕೆ ಬರುತ್ತ ಹೋಗಿ. ಎ1ರ ಮೂಲೆ ತಲುಪುವ ಹೊತ್ತಿಗೆ ಬಿ1ಕ್ಕೆ ಜೋಡಿಯಾದ ಮನೆಗೆ ಎ7ರಿಂದ ಒಂದು ನಡೆಯಲ್ಲಿ ಹೋಗಲು ಆಗುತ್ತದೆಯೇ ಎಂದು ನೀವೇ ಕಾಣುತ್ತೀರಿ.